ತೋಟದ ರೈಲಿಗೆ ಯಾವ ಕುಬ್ಜ ಮರ? ದಾವಣಗೆರೆ–ಚಿತ್ರದುರ್ಗದ ಬಿಸಿಲಿಗೆ ತಕ್ಕ ಆಯ್ಕೆ

ಹಿತ್ತಲಲ್ಲಿ ಮಾದರಿ ರೈಲು ಹಾಕಿಕೊಂಡವರು ಹಳಿ ಪಕ್ಕಕ್ಕೆ ಮರ ಆರಿಸುವಾಗ ಮೊದಲು ಏಪ್ರಿಲ್ ತಿಂಗಳನ್ನು ನೆನೆಯಬೇಕು. ದಾವಣಗೆರೆ, ಚಿತ್ರದುರ್ಗದಲ್ಲಿ ಆ ಹೊತ್ತಿಗೆ ಬಿಸಿಲು 38 ಡಿಗ್ರಿ ದಾಟುತ್ತದೆ. ಹೆಚ್ಚಿನ ಮನೆಗಳಲ್ಲಿ ಗಿಡಕ್ಕೆ ಸಿಗುವುದು ಬೋರ್‌ವೆಲ್ಲಿನ ಗಡಸು ನೀರು. ವರ್ಷದ ಮಳೆಯೆಲ್ಲ ಸೇರಿದರೂ 600 ಮಿ.ಮೀ. ಆಸುಪಾಸು. ಗಾರ್ಡನ್ ರೈಲ್ವೆಗೆಂದು ವಿದೇಶಿ ಕೈಪಿಡಿಗಳು ಹೇಳುವ ಡ್ವಾರ್ಫ್ ಆಲ್ಬರ್ಟಾ ಸ್ಪ್ರೂಸ್, ಬಾಕ್ಸ್‌ವುಡ್, ಕುಳ್ಳ ಪೈನ್‌ಗಳು ಚಳಿ ಸೀಮೆಯ ಗಿಡಗಳು. ಸ್ಪ್ರೂಸ್‌ಗೆ ಚಳಿಗಾಲದ ವಿಶ್ರಾಂತಿ ಬೇಕು, ಅದು ಇಲ್ಲಿ ಸಿಗುವುದಿಲ್ಲ. ಒಣಹವೆಗೆ ಜೇಡನುಸಿ ಬೇರೆ ಹತ್ತಿ, ಗಿಡ ಒಳಗಿನಿಂದ ಕಂದುತ್ತಾ ಬರುತ್ತದೆ. ಜುನಿಪರ್ ಬೆಂಗಳೂರಿನ ನರ್ಸರಿಗಳಲ್ಲಿ ಸಿಗುತ್ತದೆ, ನೋಡಲು ಚೆಂದವೂ ಹೌದು. ಆದರೆ ಬೇರು ಸತ್ತ ಮೇಲೂ ಅದು ಕೆಲವು ವಾರ ಹಸಿರಾಗಿಯೇ ಇರುತ್ತದೆ, ಹಾಳಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಬಯಲುಸೀಮೆಯಲ್ಲಿ ಅದಕ್ಕೆ ದುಡ್ಡು ಹಾಕಬೇಡಿ.

ಹಾಗಾಗಿ ಇಲ್ಲಿ ಹೋಲಿಸಿರುವುದು ನಮ್ಮ ಬಿಸಿಲಿನಲ್ಲಿ ಬದುಕುವ ಗಿಡಗಳನ್ನು ಮಾತ್ರ. ನಮ್ಮ ಆಯ್ಕೆಯನ್ನು ಈಗಲೇ ಹೇಳಿಬಿಡುತ್ತೇವೆ: ನೋಟಕ್ಕೆ ಹುಣಸೆ, ಬೇಗ ಮರವಾಗಬೇಕಾದರೆ ಆಲದ ಬಳಗದ ಫೈಕಸ್, ನೀರು ಹಾಕುವವರು ಊರಲ್ಲಿಲ್ಲದಿದ್ದರೆ ನೀರು ತುಂಬಿದ ಕಾಂಡದ ಜೇಡ್. ಉಳಿದವು ಈ ಮೂರರ ನಡುವೆ ತುಂಬಲು.

ಮೊದಲು ಸ್ಕೇಲು

ಗಾರ್ಡನ್ ರೈಲ್ವೆಯ ಹಳಿ ಸಾಮಾನ್ಯವಾಗಿ 45 ಮಿ.ಮೀ. ಅಗಲದ್ದು. ಅದರ ಮೇಲೆ 1:22.5 ಸ್ಕೇಲಿನ, ಅಂದರೆ ನಿಜದ ಗಾಡಿಯ 22.5ರಲ್ಲಿ ಒಂದು ಪಾಲಿನ ಅಳತೆಯ ಬಂಡಿ ಓಡಿಸಿದರೆ ಅದು ನಿಜದ ಮೀಟರ್ ಗೇಜ್‌ಗೆ (ಒಂದು ಮೀಟರ್ ಅಗಲದ ಹಳಿಗೆ) ಸರಿಹೊಂದುತ್ತದೆ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬರುವವರೆಗೆ ಬೆಂಗಳೂರು–ಹುಬ್ಬಳ್ಳಿ ನಡುವೆ ದಾವಣಗೆರೆ, ಹರಿಹರದ ಮೇಲೆ ಓಡುತ್ತಿದ್ದದ್ದು ಮೀಟರ್ ಗೇಜ್ ಗಾಡಿಯೇ. ಆದ್ದರಿಂದ ನಮ್ಮ ಭಾಗದ ಹಳೆಯ ದಾರಿಯ ನೋಟ ಕಟ್ಟುವವರಿಗೆ ಈ ಸ್ಕೇಲು ಹೇಳಿ ಮಾಡಿಸಿದಂತಿದೆ. ಕೆಳಗಿನ ಲೆಕ್ಕವೆಲ್ಲ ಇದಕ್ಕೇ. 1:32 ಬಂಡಿ ಓಡಿಸುವವರು ಎತ್ತರವನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿಕೊಳ್ಳಬೇಕು.

ಐದೂವರೆ ಅಡಿ ಆಳು ಈ ಸ್ಕೇಲಿನಲ್ಲಿ 7.5 ಸೆಂ.ಮೀ. ಇರುತ್ತಾನೆ. 15 ಮೀಟರ್ ಎತ್ತರದ ಹುಣಸೆ ಮರ 67 ಸೆಂ.ಮೀ., ಒಂದು ಮೀಟರ್ ದಪ್ಪದ ಅದರ ಕಾಂಡ 4.4 ಸೆಂ.ಮೀ. ಎತ್ತರವನ್ನು ಎಲ್ಲರೂ ಅಳೆಯುತ್ತಾರೆ, ಕಾಂಡದ ದಪ್ಪವನ್ನು ಮರೆಯುತ್ತಾರೆ. ನರ್ಸರಿಯಿಂದ ತಂದ ಒಂದು ಸೆಂ.ಮೀ. ಕಾಂಡದ ಗಿಡ 60 ಸೆಂ.ಮೀ. ಬೆಳೆದರೂ ರೈಲಿನ ಪಕ್ಕ ಅದು ನಿನ್ನೆ ಮೊನ್ನೆ ನೆಟ್ಟ ಸಸಿಯಂತೆಯೇ ಕಾಣುತ್ತದೆ. ಮೂರು ಸೆಂ.ಮೀ. ಕಾಂಡದ, 35 ಸೆಂ.ಮೀ. ಎತ್ತರದ ಗಿಡ ಮಾತ್ರ ಹಳೆಯ ಮರದಂತೆ ನಿಲ್ಲುತ್ತದೆ. ಕೊಳ್ಳುವಾಗ ಕೈ ಹಾಕಬೇಕಾದ್ದು ಬುಡಕ್ಕೆ. ಬುಡ ದಪ್ಪಗಿದ್ದು ತಲೆ ಕೆಟ್ಟಿದ್ದರೆ ಚಿಂತೆಯಿಲ್ಲ, ತಲೆಯನ್ನು ಕತ್ತರಿಸಿ ಹೊಸದಾಗಿ ಕಟ್ಟಬಹುದು.

ಎಲೆಯ ಲೆಕ್ಕ ಕಠಿಣ. ಒಂದು ಸೆಂ.ಮೀ. ಎಲೆ ನೋಡುವವರ ಕಣ್ಣಿಗೆ 22 ಸೆಂ.ಮೀ. ಎಲೆಯಾಗಿ ಕಾಣುತ್ತದೆ. ಎರಡು ಸೆಂ.ಮೀ. ದಾಟಿದ ಎಲೆಯನ್ನು ಹಳಿಯಿಂದ ದೂರ ಹಿನ್ನೆಲೆಗೆ ತಳ್ಳಿ. ಹೂವು, ಹಣ್ಣು ಇನ್ನೂ ಕಷ್ಟ, ಏಕೆಂದರೆ ಎಲೆಯನ್ನು ಸವರಿ ಸವರಿ ಚಿಕ್ಕದು ಮಾಡಬಹುದು, ಹೂವು ಮಾತ್ರ ಹುಟ್ಟಿದ ಅಳತೆಗೇ ಬರುತ್ತದೆ. ಮೂರೂವರೆ ಸೆಂ.ಮೀ. ಇರುವ ಬೋಗನ್‌ವಿಲ್ಲಾ ಹೂದಳ ಈ ಸ್ಕೇಲಿನಲ್ಲಿ ಮುಕ್ಕಾಲು ಮೀಟರ್ ಆಗುತ್ತದೆ. ಕಾಂಡ ಎಷ್ಟೇ ಸೊಗಸಾಗಿರಲಿ, ಹೂ ಬಿಟ್ಟ ದಿನ ಅದು ಇಡೀ ದೃಶ್ಯವನ್ನು ಕೆಡಿಸುತ್ತದೆ.

ಹುಣಸೆ, ಫೈಕಸ್, ಜೇಡ್

ಹುಣಸೆ ನಮ್ಮ ನೆಲದ ಮರ. ಹಿರಿಯೂರು, ಚಳ್ಳಕೆರೆ ಕಡೆಯ ಹಳೆಯ ರಸ್ತೆಗಳ ಬದಿಯಲ್ಲಿ ಕಾಣುವ ಗುಂಡನೆಯ ತಲೆ, ಗಿಡ್ಡ ಕಾಂಡ, ಸೀಳಿದ ಕಪ್ಪು ತೊಗಟೆ ಮೂರೂ ಕುಂಡದಲ್ಲಿ ಹಾಗೇ ಬರುತ್ತವೆ. ಒಂದೊಂದು ಕಡ್ಡಿಯಲ್ಲಿ ಹತ್ತಿಪ್ಪತ್ತು ಜೊತೆ ಕಿರು ಎಲೆ ಇರುವುದರಿಂದ ಕಣ್ಣು ಎಲೆಯನ್ನು ಬಿಡಿಯಾಗಿ ಎಣಿಸುವುದಿಲ್ಲ. ಸವರುತ್ತಾ ಬಂದರೆ ಕಿರು ಎಲೆ ಐದಾರು ಮಿ.ಮೀ.ಗೆ ಇಳಿಯುತ್ತದೆ. ಬಿಸಿಲು ಎಷ್ಟಿದ್ದರೂ ತಡೆಯುತ್ತದೆ. ನೀರು ತಪ್ಪಿದರೆ ಎಲೆ ಉದುರಿಸಿ ಕೂರುತ್ತದೆ, ನೀರು ಬಿದ್ದ ಮೇಲೆ ಮತ್ತೆ ಚಿಗುರುತ್ತದೆ.

ಇದರ ತೊಂದರೆ ಒಂದೇ, ನಿಧಾನ. ಬೀಜದಿಂದ ಬೆಳೆಸಿದರೆ ಮೂರು ಸೆಂ.ಮೀ. ಕಾಂಡಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ, ಅದೂ ಮೊದಲ ಮೂರು ವರ್ಷ ನೆಲದಲ್ಲಿ ಬಿಟ್ಟರೆ. ಆ ಮೂರು ವರ್ಷ ತಲೆ ಸವರಬೇಡಿ. ಮೇಲೆ ಬೆಳೆದಷ್ಟೂ ಬುಡ ದಪ್ಪವಾಗುತ್ತದೆ. ಸಸಿ ಒಂದು ಗೇಣು ಆದಾಗ ತಾಯಿಬೇರನ್ನು ಬುಡದಿಂದ ಎಂಟು ಸೆಂ.ಮೀ. ಕೆಳಗೆ ಕತ್ತರಿಸಿ ಮತ್ತೆ ನೆಡಬೇಕು. ಇದನ್ನು ಬಿಟ್ಟರೆ ಆಮೇಲೆ ಕುಂಡಕ್ಕೆ ತರುವಾಗ ಒಂದೇ ಗೂಟದಂಥ ಬೇರು ಸಿಗುತ್ತದೆ, ಸುತ್ತ ನಾರುಬೇರು ಇರುವುದಿಲ್ಲ, ಗಿಡ ಉಳಿಯುವುದು ಅನುಮಾನ. ಚಳಿ ತಿಂಗಳಲ್ಲಿ ಎಳೆ ಎಲೆಗೆ ಬೂದಿ ರೋಗ ಬರುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2–3 ಗ್ರಾಂನಂತೆ ಬೆಳಿಗ್ಗೆ ಸಿಂಪಡಿಸಿದರೆ ಸಾಕು. ಬಿಸಿಲು ಏರಿದ ಮೇಲೆ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ರೈಲಿಗೆ ಸಂಬಂಧಿಸಿ ಇನ್ನೊಂದು ಮಾತು: ಉದುರಿದ ಕಿರು ಎಲೆಗಳು ಪಾಯಿಂಟ್‌ನ (ಬಂಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗದ) ಸಂದಿಗೆ ಸೇರುತ್ತವೆ. ಪಾಯಿಂಟ್ ಪೂರ್ತಿ ಕೂರದೆ ಬಂಡಿ ಹಳಿ ತಪ್ಪುತ್ತದೆ. ಹುಣಸೆಯನ್ನು ಪಾಯಿಂಟ್‌ಗಳಿಂದ ಕನಿಷ್ಠ ಒಂದು ಮೀಟರ್ ದೂರ ಇಡಿ, ಅದೂ ಗಾಳಿ ಬೀಸುವ ದಿಕ್ಕಿನ ಆಚೆ ಬದಿಗೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬರುತ್ತದೆ, ಆದ್ದರಿಂದ ಮರ ಪಾಯಿಂಟ್‌ನ ಪೂರ್ವಕ್ಕಿರಲಿ.

ಫೈಕಸ್ ಎಂದರೆ ಆಲ, ಅರಳಿಗಳ ಬಳಗ. ನರ್ಸರಿಯಲ್ಲಿ ಸಿಗುವ ಎರಡನ್ನು ಹೋಲಿಸಿ ನೋಡಬೇಕು: ಬೆಂಜಮಿನಾ ಮತ್ತು ಮೈಕ್ರೊಕಾರ್ಪಾ. ಮೈಕ್ರೊಕಾರ್ಪಾದಲ್ಲೇ ಲಾಂಗ್ ಐಲ್ಯಾಂಡ್ ಎಂಬ ಕಿರಿದಾದ ಎಲೆಯ ತಳಿಯಿದೆ. ಬೆಂಜಮಿನಾ ಎಲ್ಲ ಕಡೆ ಸಿಗುತ್ತದೆ, ಅಗ್ಗ. ಆದರೆ ಅದರ ಕೊಂಬೆಯನ್ನು ಎಲೆಯಿಲ್ಲದ ಜಾಗಕ್ಕೆ ಕತ್ತರಿಸಿದರೆ ಆ ಕೊಂಬೆ ಬಹಳ ಸಲ ಒಣಗಿಯೇ ಹೋಗುತ್ತದೆ. ಜಾಗ ಬದಲಿಸಿದರೂ ಎಲೆ ಉದುರಿಸುತ್ತದೆ. ಮೈಕ್ರೊಕಾರ್ಪಾ ಬೋಳು ಕಾಂಡದಲ್ಲೂ ಮೊಗ್ಗೊಡೆಯುತ್ತದೆ, ತಪ್ಪಾಗಿ ಕತ್ತರಿಸಿದರೂ ಮತ್ತೊಂದು ಅವಕಾಶ ಕೊಡುತ್ತದೆ. ಹೊಸಬರು ಹುಡುಕಿಯಾದರೂ ಇದನ್ನೇ ತರಬೇಕು. ಎಲೆ ಸವರಿದ ಮೇಲೆ ಎರಡು ಸೆಂ.ಮೀ. ಆಸುಪಾಸು ನಿಲ್ಲುತ್ತದೆ, ಇದು ಹುಣಸೆಗಿಂತ ದೊಡ್ಡದೇ. ಆದರೆ ದಪ್ಪ ಬುಡ, ಹರಡಿದ ಬೇರು, ಬಿಳಲು ಎಲ್ಲ ಎರಡು ಮೂರು ವರ್ಷದಲ್ಲಿ ಬರುತ್ತವೆ.

ಫೈಕಸ್‌ನ ಬೇರು ಹಳಿಯ ಶತ್ರು. ನೆಲಕ್ಕೆ ನೇರ ನೆಟ್ಟರೆ ನೀರು ಹುಡುಕುತ್ತಾ ಜಲ್ಲಿಯ ಕೆಳಗೆ ಹೋಗಿ ಹಳಿಯನ್ನು ಎತ್ತುತ್ತದೆ. ಎರಡು ಮಿ.ಮೀ. ಏರುಪೇರಾದರೂ ಉದ್ದದ ಬೋಗಿಗಳು ಕೊಂಡಿ ಬಿಡುತ್ತವೆ. ಕುಂಡವಿಲ್ಲದೆ ಫೈಕಸ್ ನೆಡಲೇಬಾರದು. ಎಳೆ ಎಲೆ ಮಡಚಿ ದೋಣಿಯಂತಾಗಿ ಕೆಂಪು ಚುಕ್ಕೆ ಬಿದ್ದಿದ್ದರೆ ಒಳಗೆ ಕಪ್ಪು ಥ್ರಿಪ್ಸ್ ನುಸಿ ಇದೆ ಎಂದರ್ಥ. ಔಷಧ ಮಡಿಕೆಯ ಒಳಗೆ ಹೋಗುವುದಿಲ್ಲ, ಅಂಥ ಎಲೆಗಳನ್ನು ಕಿತ್ತು ಸುಡುವುದೇ ದಾರಿ. ಕತ್ತರಿಸಿದಾಗ ಸುರಿಯುವ ಹಾಲು ಹಳಿಯ ಮೇಲೆ ಬಿದ್ದು ಒಣಗಿದರೆ ಅಲ್ಲಿ ಕರೆಂಟ್ ತಪ್ಪಿ ಎಂಜಿನ್ ತಡವರಿಸುತ್ತದೆ. ಸವರುವ ಮುಂಚೆ ಹಳಿಯ ಮೇಲೆ ಹಳೆ ಪತ್ರಿಕೆ ಹಾಸಿ.

ಅರಳಿಯನ್ನೇ ನೆಡಬೇಕೆಂಬ ಆಸೆ ಹಲವರಿಗಿರುತ್ತದೆ. ಎಷ್ಟು ಸವರಿದರೂ ಅರಳಿ ಎಲೆ ನಾಲ್ಕೈದು ಸೆಂ.ಮೀ.ಗಿಂತ ಇಳಿಯುವುದು ಕಷ್ಟ. ಊರ ಮುಂದಿನ ಅರಳಿಕಟ್ಟೆ ಬೇಕೆಂದರೆ ಮೈಕ್ರೊಕಾರ್ಪಾ ಇಟ್ಟು ಕಟ್ಟೆ ಕಟ್ಟಿ. ಇದರಲ್ಲಿ ಒಂದು ಅನುಕೂಲವೂ ಇದೆ: ಎಂಟು ಇಂಚಿನ ಕುಂಡವನ್ನು ನೆಲದಲ್ಲಿ ಹೂತು, ಮೇಲಿನ ಮೂರೂವರೆ ಸೆಂ.ಮೀ. ಹೊರಗೆ ಬಿಟ್ಟು, ಸುತ್ತ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಜೋಡಿಸಿದರೆ ಸ್ಕೇಲಿನಲ್ಲಿ ನಾಲ್ಕೂವರೆ ಮೀಟರ್ ಅಗಲದ, ಆಳಿನ ಸೊಂಟದಷ್ಟು ಎತ್ತರದ ಕಟ್ಟೆಯಾಗುತ್ತದೆ. ಕುಂಡ ಕಾಣುವುದೇ ಇಲ್ಲ. ಕಲ್ಲಿನ ಉಂಗುರವನ್ನು ಕುಂಡಕ್ಕೆ ಅಂಟಿಸದೆ ಬಿಡಿಯಾಗಿ ಮಾಡಿ, ಎರಡು ವರ್ಷಕ್ಕೊಮ್ಮೆ ಬೇರು ಸವರಲು ಕುಂಡವನ್ನು ಎತ್ತಬೇಕಾಗುತ್ತದೆ.

ಜೇಡ್ ಎಂದು ನರ್ಸರಿಯವರು ಕೊಡುವುದರಲ್ಲಿ ಎರಡು ಬಗೆ. ದಪ್ಪ ಎಲೆಯ ಕ್ರಾಸ್ಸುಲಾ ಒಂದು, ಕೆಂಪು ಕಾಂಡ, ಒಂದು ಒಂದೂವರೆ ಸೆಂ.ಮೀ. ದುಂಡು ಎಲೆಯ ಪೋರ್ಟುಲಕೇರಿಯಾ ಇನ್ನೊಂದು. ರೈಲಿಗೆ ಎರಡನೆಯದೇ ಆಗಬೇಕು. ಕಡ್ಡಿ ಮುರಿದು ನೆರಳಲ್ಲಿ ನಾಲ್ಕೈದು ದಿನ ಗಾಯ ಒಣಗಲು ಬಿಟ್ಟು ನೆಟ್ಟರೆ ಬೇರು ಬಿಡುತ್ತದೆ. ಹಸಿ ಗಾಯಕ್ಕೇ ನೆಟ್ಟು ನೀರು ಹಾಕಿದರೆ ಕೊಳೆಯುತ್ತದೆ. ಗೇಣುದ್ದದ ಒಂದು ಗಿಡ ತಂದರೆ ಎರಡು ವರ್ಷದಲ್ಲಿ ಒಂದು ತೋಪಿಗೆ ಆಗುವಷ್ಟು ಕಡ್ಡಿ ಸಿಗುತ್ತವೆ, ಹಾಗಾಗಿ ಇದಕ್ಕಿಂತ ಅಗ್ಗದ ಮರ ಇಲ್ಲ. ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನ ನೀರಿಲ್ಲದಿದ್ದರೂ ಎಲೆ ಸುಕ್ಕಾಗುತ್ತದೆಯೇ ಹೊರತು ಸಾಯುವುದಿಲ್ಲ.

ಆದರೆ ಅದರ ಕಾಂಡ ನೀರು ತುಂಬಿದ್ದು, ಮೆದು. ಆಷಾಢದ ಗಾಳಿಗೆ ತಲೆ ಭಾರವಾದ ಕೊಂಬೆ ಸೀಳುತ್ತದೆ. ತಂತಿ ಬಿಗಿದರೆ ತೊಗಟೆ ಜಜ್ಜಿಹೋಗುತ್ತದೆ. ಉದುರಿದ ಎಲೆ ಚಕ್ರಕ್ಕೆ ಸಿಕ್ಕು ಅರೆದರೆ ಹಳಿ ಜಾರುತ್ತದೆ, ಏರಿನಲ್ಲಿ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಹಳಿಯ ಏರು ಜಾಗದಲ್ಲಿ ಇದನ್ನು ಹತ್ತಿರ ಇಡಬೇಡಿ. ಮಳೆಗಾಲದಲ್ಲಿ ಡ್ರಿಪ್ ಮುಚ್ಚಿ, ಇಲ್ಲವಾದರೆ ಬುಡ ಕಪ್ಪಾಗಿ ಮೆತ್ತಗಾಗುತ್ತದೆ.

ಎರಡನೇ ಸಾಲಿನವು

ನಿಂಬೆ ಬಳಗದ ಕಾಮಿನಿಯ ಬಿಳಿ ಗಟ್ಟಿ ಕಾಂಡ ಸೊಗಸು, ಮಿನಿ ಕಾಮಿನಿಯ ಎಲೆ ಒಂದು ಸೆಂ.ಮೀ. ಮಟ್ಟಕ್ಕೆ ಬರುತ್ತದೆ. ಆದರೆ ಗಡಸು ನೀರಿಗೆ ಮೊದಲು ಸೋಲುವುದೂ ಇದೇ. ಮನೆಯಲ್ಲಿ ಮಳೆನೀರು ಸಂಗ್ರಹವಿದ್ದರೆ ಧೈರ್ಯವಾಗಿ ತನ್ನಿ. ಹತ್ತಿರದಲ್ಲಿ ನಿಂಬೆ, ಮೂಸಂಬಿ ತೋಟವಿದ್ದರೆ ಬೇಡ, ಆ ಗಿಡಗಳಿಗೆ ರೋಗ ಹರಡುವ ಸಿಲ್ಲಾ ಕೀಟ ಕಾಮಿನಿಯಲ್ಲಿ ಮರಿ ಮಾಡುತ್ತದೆ.

ಕುಳ್ಳ ದಾಳಿಂಬೆಗೂ ಇದೇ ಎಚ್ಚರಿಕೆ. ಬಿಸಿಲು ತಡೆಯುತ್ತದೆ, ಕಾಂಡ ತಾನಾಗಿಯೇ ತಿರುಚಿಕೊಂಡು ವಯಸ್ಸಾದಂತೆ ಕಾಣುತ್ತದೆ. ಆದರೆ ಹೊಸದುರ್ಗ, ಹಿರಿಯೂರು ಭಾಗದಲ್ಲಿ ದಾಳಿಂಬೆ ತೋಟಗಳಿವೆ, ದುಂಡಾಣು ಅಂಗಮಾರಿ ರೋಗ ಅಲ್ಲಿನ ರೈತರನ್ನು ಹಣ್ಣು ಮಾಡಿದೆ. ಅಲಂಕಾರಕ್ಕೆ ಇಟ್ಟ ಗಿಡ ಪಕ್ಕದ ತೋಟಕ್ಕೆ ರೋಗದ ಬೀಡಾಗಬಾರದು. ಪೇಟೆಯ ಮನೆಯಲ್ಲಿ ಪರವಾಗಿಲ್ಲ, ಹೊಲದ ಮನೆಯಲ್ಲಿ ಬೇಡವೇ ಬೇಡ. ಹಣ್ಣು ಬಿಡದಂತೆ ಹೂವನ್ನು ಚಿವುಟುತ್ತಿರಿ.

ಮಾಲ್ಪಿಗಿಯಾ ಮುಳ್ಳು ಅಂಚಿನ ಕಿರು ಎಲೆಯ ಗಿಡ. ನಿಧಾನ, ಗಟ್ಟಿ, ಕತ್ತರಿಗೆ ಚೆನ್ನಾಗಿ ಮಣಿಯುತ್ತದೆ. ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಬಿಸಿಲಿಗೆ 50 ಪರ್ಸೆಂಟ್ ನೆರಳು ಬಲೆ ಬೇಕು. ಸ್ಟೇಷನ್ ಕಟ್ಟಡದ ಪೂರ್ವ ಬದಿಯ ನೆರಳಿಗೆ ಇದಕ್ಕಿಂತ ಒಳ್ಳೆಯ ಪೊದೆ ಇಲ್ಲ. ಕಾರ್ಮೋನಾ ದಕ್ಷಿಣ ಭಾರತದ ಕುರುಚಲು ಕಾಡಿನದೇ ಗಿಡ, ಸೆಕೆಗೆ ಹೆದರುವುದಿಲ್ಲ, ಸಿಕ್ಕರೆ ಬಿಡಬೇಡಿ.

ಸೂಜಿ ಎಲೆಯ ಮರವೇ ಬೇಕೆನ್ನುವವರಿಗೆ ಸರ್ವೆ ಇದೆ. ಪೈನ್ ಜಾತಿಯದಲ್ಲದಿದ್ದರೂ ನೋಟ ಹಾಗೇ. ಬೇಗ ಬೆಳೆಯುತ್ತದೆ, ಅದೇ ಕಷ್ಟ: ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಕೈಯಲ್ಲಿ ಚಿಗುರು ಚಿವುಟದಿದ್ದರೆ ಕೈತಪ್ಪುತ್ತದೆ. ಕುಂಡದಲ್ಲಿ ನೀರು ತಪ್ಪಿದರೆ ಒಣಗಿದ ಕೊಂಬೆ ಮತ್ತೆ ಬರುವುದಿಲ್ಲ. ಕತ್ತರಿಸುವಾಗ ಪ್ರತಿ ಕೊಂಬೆಯಲ್ಲೂ ಒಂದಿಷ್ಟು ಹಸಿರು ಉಳಿಸಿ.

ಚನ್ನಗಿರಿ ಕಡೆಯ ಅಡಿಕೆ ತೋಟದ ದೃಶ್ಯ ಕಟ್ಟುವ ಆಸೆಗೆ ಜೀವಂತ ಗಿಡದಲ್ಲಿ ಪೂರ್ತಿ ಉತ್ತರವಿಲ್ಲ. ಪಾರ್ಲರ್ ಪಾಮ್‌ನ ಎಳೆ ಗಿಡ 30–40 ಸೆಂ.ಮೀ. ಇದ್ದಾಗ ಒಪ್ಪುತ್ತದೆ, ಆದರೆ ಬಿಸಿಲಿಗೆ ಗರಿ ಸುಡುತ್ತದೆ, ಗೋಡೆಯ ನೆರಳು ಬೇಕು, ಮೂರು ನಾಲ್ಕು ವರ್ಷಕ್ಕೆ ಬದಲಿಸಬೇಕು. ಬೇವು ಬೇಡ, ಎಷ್ಟು ಸವರಿದರೂ ಎಲೆಕಡ್ಡಿ ಉದ್ದವಾಗಿಯೇ ಬರುತ್ತದೆ. ಡುರಾಂಟಾ ಬೇಲಿಗೆ ಸರಿ, ಮರಕ್ಕಲ್ಲ.

ಗಿಡ ತರುವ ಜಾಗದ ಬಗ್ಗೆಯೂ ಒಂದು ಮಾತು. ಹಳೆ ಮನೆಯ ಪ್ಯಾರಾಪೆಟ್, ನೀರಿನ ಟ್ಯಾಂಕಿನ ಬಿರುಕಿನಲ್ಲಿ ಹುಟ್ಟಿದ ಫೈಕಸ್ ಗಿಡಗಳು ಅತ್ತಿತ್ತ ತಿರುಚಿಕೊಂಡು ದಪ್ಪ ಬುಡ ಕಟ್ಟಿರುತ್ತವೆ, ಮನೆಯವರೂ ಕಿತ್ತುಕೊಂಡು ಹೋಗಿ ಎನ್ನುತ್ತಾರೆ. ಆದರೆ ಚಿತ್ರದುರ್ಗದ ಕೋಟೆ ಗೋಡೆಗೆ ಕೈ ಹಾಕಬೇಡಿ, ಅದು ಸಂರಕ್ಷಿತ ಸ್ಮಾರಕ. ಜೋಗಿಮಟ್ಟಿ ಅರಣ್ಯದಿಂದ ಗಿಡ ಅಗೆದು ತರುವುದು ಅಪರಾಧ. ಅಲ್ಲಿನ ಕುರುಚಲು ಮರಗಳು ಎಷ್ಟೇ ಆಸೆ ಹುಟ್ಟಿಸಲಿ, ಅವುಗಳ ಆಕಾರವನ್ನು ಫೋಟೊ ತೆಗೆದು ತನ್ನಿ, ತಂತಿ ಸುತ್ತುವಾಗ ಬೇಕಾಗುತ್ತದೆ.

ನೆಲವೋ, ಕುಂಡವೋ

ದಾವಣಗೆರೆ ಸುತ್ತ ಎರೆ ಮಣ್ಣಿರುವ ಜಾಗಗಳಲ್ಲಿ ಈ ಪ್ರಶ್ನೆಯೇ ಇಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬೆರಳು ತೂರುವಷ್ಟು ಬಿರಿಯುತ್ತದೆ, ಬಿರಿದಾಗ ಸಣ್ಣ ಬೇರು ಹರಿಯುತ್ತವೆ. ಅಲ್ಲಿ ಎಲ್ಲವೂ ಕುಂಡದಲ್ಲೇ ಇರಬೇಕು. ಚಿತ್ರದುರ್ಗದ ಕೆಂಪು ಮರಳು ಮಣ್ಣಿನಲ್ಲಿ ಹುಣಸೆ, ಮಾಲ್ಪಿಗಿಯಾ, ಜೇಡ್ ನೇರ ನೆಲಕ್ಕೆ ನೆಡಬಹುದು, ಆದರೆ ವರ್ಷಕ್ಕೊಮ್ಮೆ ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಗುದ್ದಲಿ ಇಳಿಸಿ ಬೇರು ಕತ್ತರಿಸುತ್ತಿರಬೇಕು. ಇಲ್ಲವಾದರೆ ಅದು ಕುಬ್ಜವಾಗಿ ಉಳಿಯದೆ ಮರವಾಗಲು ಹೊರಡುತ್ತದೆ.

ಕುಂಡವನ್ನು ನೆಲದಲ್ಲಿ ಹೂಳುವುದು ನಮಗೆ ಎಲ್ಲಕ್ಕಿಂತ ಸರಿ ಕಂಡಿದೆ. ಬಿಸಿಲಿಗೆ ತೆರೆದಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದ ಬದಿಯಲ್ಲಿ ಬೇರು ಬೇಯುತ್ತದೆ, ಹೂತರೆ ತಂಪಾಗಿರುತ್ತದೆ, ಗಾಳಿಗೆ ಉರುಳುವ ಭಯವೂ ಇಲ್ಲ. ಕುಂಡದ ಕೆಳಗೆ ಮೂರು ಇಂಚು 20 ಮಿ.ಮೀ. ಜಲ್ಲಿ ಹಾಕಿ, ಇಲ್ಲವಾದರೆ ಮಳೆನೀರು ಗುಂಡಿಯಲ್ಲೇ ನಿಲ್ಲುತ್ತದೆ. ಜನವರಿಯಲ್ಲೊಮ್ಮೆ, ಜುಲೈನಲ್ಲೊಮ್ಮೆ ಕುಂಡವನ್ನು ಹಿಡಿದು ಅರ್ಧ ಸುತ್ತು ತಿರುಗಿಸಿ. ತೂತಿನಿಂದ ಹೊರಬಂದ ಬೇರು ತುಂಡಾಗುವ ಚಟ್ ಎಂಬ ಸದ್ದು ಕೈಗೇ ತಿಳಿಯುತ್ತದೆ. ತಿರುಗಲೇ ಇಲ್ಲವೆಂದರೆ ದಪ್ಪ ಬೇರು ಇಳಿದಿದೆ, ಎತ್ತಿ ಗರಗಸದಲ್ಲಿ ಕತ್ತರಿಸಿ, ಆ ವಾರ ಎಲೆಯನ್ನೂ ಮೂರನೇ ಒಂದು ಭಾಗ ಇಳಿಸಿ.

ಮಣ್ಣಿನ ಮಿಶ್ರಣ: ಹುಣಸೆ, ಫೈಕಸ್‌ಗೆ ಕೆಂಪು ಮಣ್ಣು ಒಂದು ಬಾಂಡ್ಲಿ, 3–6 ಮಿ.ಮೀ. ಇಟ್ಟಿಗೆ ಚೂರು ಎರಡು, ಚೆನ್ನಾಗಿ ಕಳಿತ ಗೊಬ್ಬರ ಒಂದು. ಜೇಡ್‌ಗೆ ಇಟ್ಟಿಗೆ ಅಥವಾ ಕಲ್ಲಿನ ಚೂರು ಮೂರು, ಗೊಬ್ಬರ ಒಂದು, ಮಣ್ಣು ಬೇಡ. ಇಟ್ಟಿಗೆ ಚೂರನ್ನು ಜರಡಿ ಹಿಡಿದು ಪುಡಿ ತೆಗೆಯಲೇಬೇಕು, ಪುಡಿ ಕೆಳಗೆ ಕೂತು ತೂತು ಮುಚ್ಚುತ್ತದೆ. ಎಂ ಸ್ಯಾಂಡ್ ಹಾಕಬೇಡಿ, ಅದರ ಧೂಳು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ದಾವಣಗೆರೆ ಸುತ್ತ ಅಕ್ಕಿ ಗಿರಣಿಗಳಿರುವುದರಿಂದ ಹೊಟ್ಟು ಸುಲಭವಾಗಿ ಸಿಗುತ್ತದೆ. ಅರ್ಧ ಸುಟ್ಟು ಕರಿದಾದ ಹೊಟ್ಟು ಒಂದು ಪಾಲಿನ ಕಾಲು ಭಾಗ ಸೇರಿಸಿದರೆ ಮಿಶ್ರಣ ಹಗುರಾಗುತ್ತದೆ. ಬಾಯ್ಲರಿನಿಂದ ಬರುವ ಬೂದು ಬೂದಿ ಮಾತ್ರ ಬೇಡ. ಅದು ಕ್ಷಾರ, ನಮ್ಮ ನೀರು ಮೊದಲೇ ಕ್ಷಾರ, ಎರಡೂ ಸೇರಿದರೆ ಗಿಡಕ್ಕೆ ಕಬ್ಬಿಣಾಂಶ ದಕ್ಕುವುದೇ ಇಲ್ಲ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದೇ ಕಬ್ಬಿಣದ ಕೊರತೆ. ನೀರು ಕಡಿಮೆಯಾಯಿತೆಂದು ತಿಳಿದು ಇನ್ನಷ್ಟು ಬೋರ್ ನೀರು ಹಾಕುವುದರಿಂದ ಕೊರತೆ ಹೆಚ್ಚುತ್ತದೆ. ಲೀಟರ್ ನೀರಿಗೆ ಎರಡು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಒಂದು ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಕಟ್ಟಡದ ಗೋಡೆ, ಬೋಗಿಗಳ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಮುಚ್ಚಿಕೊಂಡು ಹೊಡೆಯಿರಿ. ಮಣ್ಣಿಗೇ ಹಾಕುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣ ಕೇಳಿ ತನ್ನಿ, ಇಡಿಟಿಎ ರೂಪ ಕ್ಷಾರ ಮಣ್ಣಿನಲ್ಲಿ ಕೆಲಸ ಮಾಡುವುದಿಲ್ಲ.

ನೀರಿಗೆ ಡ್ರಿಪ್ ಒಂದೇ. 16 ಮಿ.ಮೀ. ಪೈಪನ್ನು ಹಳಿಯ ಪಕ್ಕ ಹೂತು, 4 ಮಿ.ಮೀ. ಮೈಕ್ರೊಟ್ಯೂಬ್ ಎಳೆದು ಕುಂಡಕ್ಕೊಂದು ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್ ಸಾಕು. ಬೇಸಿಗೆಯಲ್ಲಿ ಎಂಟು ಇಂಚಿನ ಕುಂಡದ ಫೈಕಸ್‌ಗೆ ಬೆಳಿಗ್ಗೆ ಇಪ್ಪತ್ತು ನಿಮಿಷ, ಹುಣಸೆಗೆ ಅಷ್ಟೇ ಹೊತ್ತು ದಿನ ಬಿಟ್ಟು ದಿನ. ಜೇಡ್ ಸಾಲನ್ನು ಬೇರೆ ವಾಲ್ವಿನಲ್ಲಿ ಇಡಿ, ಅದಕ್ಕೆ ವಾರಕ್ಕೊಮ್ಮೆ ಸಾಕು. ಸ್ಪ್ರಿಂಕ್ಲರ್ ಹಾಕಿದರೆ ಎಲೆ, ಹಳಿ ಎರಡರ ಮೇಲೂ ಬಿಳಿ ಪೊರೆ ಕೂರುತ್ತದೆ.

ಕತ್ತರಿಯೋ, ತಂತಿಯೋ

ಆಕಾರ ಕೊಡಲು ಎರಡು ದಾರಿ. ಕತ್ತರಿಯ ದಾರಿಯಲ್ಲಿ ಚಿಗುರನ್ನು ಆರೆಂಟು ಎಲೆ ಬರುವವರೆಗೆ ಬಿಟ್ಟು ಎರಡೆಲೆಗೆ ಇಳಿಸುತ್ತೀರಿ. ಕೊನೆಯಲ್ಲಿ ಉಳಿದ ಎಲೆಯ ಕಂಕುಳಲ್ಲಿರುವ ಮೊಗ್ಗು ಯಾವ ಕಡೆ ಮುಖ ಮಾಡಿದೆಯೋ ಹೊಸ ಕವಲು ಆ ಕಡೆಗೇ ಹೋಗುತ್ತದೆ. ಹೊರಮುಖದ ಮೊಗ್ಗಿನ ಮೇಲೆ ಕತ್ತರಿಸುತ್ತಾ ಹೋದರೆ ಕೊಂಬೆ ಅಂಕುಡೊಂಕಾಗಿ ನಿಜದ ಮರದಂತೆ ಬರುತ್ತದೆ. ಜೇಡ್, ಮಾಲ್ಪಿಗಿಯಾ, ಕಾರ್ಮೋನಾಗೆ ಇದೊಂದೇ ಸಾಕು. ನಿಧಾನ, ಆದರೆ ಗಾಯದ ಗುರುತಿರುವುದಿಲ್ಲ.

ಫೈಕಸ್, ಹುಣಸೆಗೆ ತಂತಿಯೂ ಬೇಕು, ಏಕೆಂದರೆ ಎರಡರ ಕೊಂಬೆಯೂ ಮೇಲಕ್ಕೇ ಏಳುತ್ತದೆ. ಹಳೆಯ ಮರದ ಕೊಂಬೆ ತನ್ನ ಭಾರಕ್ಕೆ ಬಾಗಿ ಅಡ್ಡವಾಗಿರುತ್ತದೆ, ಆ ಬಾಗು ಇಲ್ಲದಿದ್ದರೆ ಕುಂಡದ ಗಿಡ ಕುಂಡದ ಗಿಡವಾಗಿಯೇ ಉಳಿಯುತ್ತದೆ. ತಂತಿಗೆ ಅಲೆಯಬೇಕಿಲ್ಲ. ಬೋರ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಗಳು ಎಲ್ಲ ತಾಲ್ಲೂಕಿನಲ್ಲೂ ಇವೆ, ಅಲ್ಲಿ ಅಲ್ಯೂಮಿನಿಯಂ ತಂತಿ ಇದ್ದರೆ ತೂಕಕ್ಕೆ ಕೊಡುತ್ತಾರೆ. 16 ಗೇಜ್ ಸುಮಾರು 1.6 ಮಿ.ಮೀ., 12 ಗೇಜ್ 2.6 ಮಿ.ಮೀ., 10 ಗೇಜ್ 3.2 ಮಿ.ಮೀ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದ ತಂತಿ ಹಿಡಿಯಿರಿ. ತಾಮ್ರ ಹೊಸಬರಿಗೆ ಬೇಡ, ಅದು ಬಾಗಿದ ಮೇಲೆ ಬಿರುಸಾಗುತ್ತದೆ, ಬಿಚ್ಚುವಾಗ ಕೊಂಬೆ ಮುರಿಯುತ್ತದೆ.

ಸುತ್ತುವ ಹಿಂದಿನ ದಿನ ನೀರು ನಿಲ್ಲಿಸಿ, ಸ್ವಲ್ಪ ಬಾಡಿದ ಕೊಂಬೆ ಸುಲಭವಾಗಿ ಬಾಗುತ್ತದೆ. ತಂತಿಯ ಒಂದು ತುದಿಯನ್ನು ಕಾಂಡಕ್ಕೆ ಎರಡು ಸುತ್ತು ಭದ್ರ ಮಾಡಿ, ಕೊಂಬೆಗೆ 45 ಡಿಗ್ರಿ ಓರೆಯಲ್ಲಿ, ಎಲೆಯನ್ನು ಒಳಗೆ ಸಿಕ್ಕಿಸದೆ ಸುತ್ತುತ್ತಾ ಹೋಗಿ. ಬಾಗಿಸುವಾಗ ಎರಡೂ ಹೆಬ್ಬೆರಳನ್ನು ಬಾಗಿನ ಒಳಬದಿಗೆ ಒತ್ತಿ ಹಿಡಿಯಿರಿ, ಹೊರಬದಿಯಲ್ಲಿ ತಂತಿ ಇರಲಿ. ಹುಣಸೆಯಲ್ಲಿ ಆ ವರ್ಷದ ಕಂದು-ಹಸಿರು ಕೊಂಬೆ ಮಾತ್ರ ಮಣಿಯುತ್ತದೆ, ಎರಡು ವರ್ಷದ್ದನ್ನು ಬಾಗಿಸಲು ಹೋದರೆ ಬುಡದಲ್ಲೇ ಸೀಳುತ್ತದೆ. ಅಂಥ ಕೊಂಬೆಗೆ ದಾರ ಕಟ್ಟಿ ಕುಂಡದ ಅಂಚಿಗೆ ಎಳೆದು, ವಾರಕ್ಕಿಷ್ಟರಂತೆ ಬಿಗಿಸಿ. ಮಳೆಗಾಲದಲ್ಲಿ ಫೈಕಸ್ ಎಷ್ಟು ಬೇಗ ದಪ್ಪವಾಗುತ್ತದೆಂದರೆ ನಾಲ್ಕೈದು ವಾರಕ್ಕೆ ತಂತಿ ತೊಗಟೆಗೆ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿ. ತೆಗೆಯುವಾಗ ಬಿಚ್ಚಲು ಹೋಗದೆ ಸುತ್ತು ಸುತ್ತಿಗೂ ಕತ್ತರಿಸಿ ತೆಗೆಯಿರಿ.

ಹುಣಸೆಯ ತಲೆ ಕಟ್ಟುವಾಗ ಮೊದಲ ಕೊಂಬೆ ನೆಲದಿಂದ 12–15 ಸೆಂ.ಮೀ. ಮೇಲಿರಲಿ. ನಿಜದ ಮರದಲ್ಲಿ ಮೇಕೆಗೆ ಎಟುಕುವವರೆಗೆ ಎಲೆ ಉಳಿಯುವುದಿಲ್ಲ, ಅದೇ ನಮ್ಮ ಭಾಗದ ಮರಗಳ ಗುರುತು. ಕೆಳಗಿನ ಅಂಚನ್ನು ಸಪಾಟಾಗಿ ಸವರಿದರೆ ಆ ನೋಟ ತಾನಾಗಿ ಬರುತ್ತದೆ.

ಕೆಲಸದ ಕಾಲವನ್ನು ಮಳೆ ನಕ್ಷತ್ರದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಕುಂಡ ಬದಲಿಸಿ ಬೇರು ಸವರುವುದು ಮೃಗಶಿರ, ಆರಿದ್ರಾ ಮಳೆಯಲ್ಲಿ. ಹವೆ ತೇವವಾಗಿರುತ್ತದೆ, ಬಿಸಿಲು ಇಳಿದಿರುತ್ತದೆ, ಮೂರನೇ ಒಂದು ಭಾಗ ಬೇರು ತೆಗೆದರೂ ಗಿಡ ತಡೆಯುತ್ತದೆ. ರೋಹಿಣಿಯಲ್ಲೇ ಅವಸರ ಮಾಡಿದರೆ ಮಳೆ ಕೈಕೊಟ್ಟಾಗ ಗಿಡ ಒಣಗುತ್ತದೆ. ಎಲೆ ಚಿಕ್ಕದು ಮಾಡಲು ಫೈಕಸ್‌ನ ಎಲ್ಲ ಎಲೆಯನ್ನೂ ತೊಟ್ಟು ಬಿಟ್ಟು ಕತ್ತರಿಸುವುದು ಫೆಬ್ರುವರಿ ಕೊನೆಯಲ್ಲಿ, ಆ ವರ್ಷ ಕುಂಡ ಬದಲಿಸುವುದಿದ್ದರೆ ಇದನ್ನು ಮಾಡಬೇಡಿ. ಜೇಡ್, ಸರ್ವೆಗೆ ಇದು ಸಲ್ಲದು. ತಂತಿ ಸುತ್ತಲು ನವೆಂಬರ್‌ನಿಂದ ಜನವರಿ ಸೂಕ್ತ, ಬೆಳವಣಿಗೆ ನಿಧಾನವಿರುವುದರಿಂದ ತೊಗಟೆ ಕೊಯ್ಯುವುದಿಲ್ಲ.

ಕೊಂಬೆ ರೈಲಿಗೆ ತಾಗುತ್ತದೆಯೇ ಎಂದು ಕಣ್ಣಳತೆಯಲ್ಲಿ ನೋಡಿದರೆ ಸಾಲದು. ರಟ್ಟನ್ನು 24 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ನಿಮ್ಮಲ್ಲಿರುವ ಅತಿ ಉದ್ದದ ಚಪ್ಪಟೆ ಬಂಡಿಯ ನಡುವೆ ಒಂದು, ಎರಡು ತುದಿಗಳಲ್ಲಿ ಒಂದೊಂದು ನಿಲ್ಲಿಸಿ ಕೈಯಲ್ಲಿ ತಳ್ಳುತ್ತಾ ಪೂರ್ತಿ ಸುತ್ತು ಬನ್ನಿ. ತಿರುವಿನಲ್ಲಿ ಬಂಡಿಯ ತುದಿ ಹೊರಕ್ಕೂ ನಡು ಒಳಕ್ಕೂ ಚಾಚುವುದರಿಂದ ಮೂರೂ ಬೇಕು. ರಟ್ಟು ತಾಗಿದ ಕೊಂಬೆಯನ್ನು ಅಲ್ಲಿಂದ ಇನ್ನೂ ಮೂರು ಸೆಂ.ಮೀ. ಹಿಂದಕ್ಕೆ ಸವರಿ, ಮಳೆಗೆ ನೆನೆದಾಗ ಅದು ಅಷ್ಟು ಬಗ್ಗುತ್ತದೆ.

ಹಿಟ್ಟು ತಿಗಣೆ ಎಲ್ಲ ಗಿಡಕ್ಕೂ ಬರುತ್ತದೆ. ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ಮೇಲೆ ತಿಗಣೆ ಇದೆ ಎಂದೇ ತಿಳಿಯಿರಿ. ಲೀಟರಿಗೆ ಐದು ಎಂ.ಎಲ್. ಬೇವಿನೆಣ್ಣೆ, ಅದು ನೀರಿಗೆ ಬೆರೆಯುವಷ್ಟು ಸೋಪಿನ ದ್ರಾವಣ ಹಾಕಿ ಸಂಜೆ ಹೊಡೆಯಿರಿ, ಹಳಿಯ ಮೇಲೆ ಬಿದ್ದ ಎಣ್ಣೆಯನ್ನು ಮರುದಿನ ರೈಲು ಬಿಡುವ ಮುಂಚೆ ಒರೆಸಿ.

20 ಅಡಿಗೆ 10 ಅಡಿ ಜಾಗದಲ್ಲಿ ಒಂದು ಸುತ್ತಿನ ಹಳಿ ಇದ್ದರೆ ಹೀಗೆ ಹಂಚಬಹುದು: ಊರಿನ ಕಡೆ ಕಟ್ಟೆಯೊಡನೆ ಒಂದು ಮೈಕ್ರೊಕಾರ್ಪಾ, ರಸ್ತೆ ಬದಿಗೆ ಬೇರೆ ಬೇರೆ ಎತ್ತರದ ಐದು ಹುಣಸೆ, ಗುಡ್ಡದ ಬಂಡೆಗಳ ಸಂದಿಗೆ ಎಂಟು ಹತ್ತು ಜೇಡ್, ಸ್ಟೇಷನ್ ಹತ್ತಿರ ಎರಡು ಮಾಲ್ಪಿಗಿಯಾ. ಹುಣಸೆ ದಪ್ಪವಾಗುವವರೆಗಿನ ನಾಲ್ಕು ವರ್ಷ ಅದರ ಜಾಗದಲ್ಲಿ ಜೇಡ್ ಕುಂಡಗಳನ್ನು ಹೂತಿಡಿ, ಹುಣಸೆ ಸಸಿಗಳು ಹಿತ್ತಲ ಇನ್ನೊಂದು ಮೂಲೆಯ ನೆಲದಲ್ಲಿ ಬೆಳೆಯುತ್ತಿರಲಿ. ಅವುಗಳ ಬೀಜವನ್ನು ಒಂದು ರಾತ್ರಿ ನೆನೆಹಾಕಿ ಈ ಮುಂಗಾರಿಗೇ ಊರಿ, ಐದು ಮರ ಬೇಕಿದ್ದರೆ ಹದಿನೈದು ಬೀಜ.